ಸಿನ್ಸ್ ಎಲ್ಲಿ, ಫಾರ್ ಎಲ್ಲಿ?

ಪ್ರಶ್ನೆ: ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅಂದರೆ ತಪ್ಪು ಅಂತಾರೆ. ಯಾಕೆ? ಬಿಟ್ಟ ಸ್ಥಳ ತುಂಬುವಾಗ ಸರಿಯಾಗಿಯೇ ಬರೆಯುತ್ತೇನೆ, ಮಾತಾಡುವಾಗ ಮಾತ್ರ ತಪ್ಪುತ್ತೇನೆ.

ಉತ್ತರ: ಈ ತಪ್ಪಿನ ಬೇರು ನಮ್ಮ ಕನ್ನಡದಲ್ಲೇ ಇದೆ. ‘ಸೋಮವಾರದಿಂದ’ ಅಂತೀವಿ, ‘ಐದು ವರ್ಷದಿಂದ’ ಅಂತಲೂ ಅಂತೀವಿ. ಎರಡಕ್ಕೂ ಅದೇ ‘ಇಂದ’ ಸಾಕು. ಇಂಗ್ಲಿಷ್‌ನಲ್ಲಿ ಸಾಲದು. ಯಾವಾಗ ಶುರುವಾಯಿತು ಅಂತ ಹೇಳಲು ಸಿನ್ಸ್ ಬೇಕು: ಸಿನ್ಸ್ ಮಂಡೇ, ಸಿನ್ಸ್ 2019. ಎಷ್ಟು ಕಾಲವಾಯಿತು ಅಂತ ಹೇಳಲು ಫಾರ್: ಫಾರ್ ಟೂ ಅವರ್ಸ್, ಫಾರ್ ಫೈವ್ ಇಯರ್ಸ್.

ಆದರೆ ನಿಮ್ಮ ವಾಕ್ಯದಲ್ಲಿ ಸಿನ್ಸ್ ತೆಗೆದು ಫಾರ್ ಹಾಕಿದರೆ ಅರ್ಧ ರಿಪೇರಿ ಅಷ್ಟೇ. ಕ್ರಿಯಾಪದವೂ ಬದಲಾಗಬೇಕು. ಹಿಂದೆ ಶುರುವಾಗಿ ಇವತ್ತಿಗೂ ನಡೆಯುತ್ತಿರುವ ಕೆಲಸಕ್ಕೆ ‘ಆಮ್ ವರ್ಕಿಂಗ್’ ಸಾಲುವುದಿಲ್ಲ. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಅನ್ನಬೇಕು. ಆ ಕೆಲಸ ಬಿಟ್ಟಾಗಿದ್ದರೆ ‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’. ಈ ಎರಡರ ವ್ಯತ್ಯಾಸ ಸಂದರ್ಶನದಲ್ಲಿ ಸಣ್ಣದಲ್ಲ. ಒಂದರಲ್ಲಿ ನೀವು ಇನ್ನೂ ಕೆಲಸದಲ್ಲಿದ್ದೀರಿ, ಇನ್ನೊಂದರಲ್ಲಿ ಇಲ್ಲ.

ಚೆನ್ನಾಗಿ ಇಂಗ್ಲಿಷ್ ಬಲ್ಲವರೂ ಎಡವುವುದು ‘ಲಾಸ್ಟ್’ ಬಂದಾಗ. ‘ಸಿನ್ಸ್ ಲಾಸ್ಟ್ ಇಯರ್’ ಸರಿ, ಅದು ಶುರುವಾದ ಕಾಲ. ‘ಸಿನ್ಸ್ ದ ಲಾಸ್ಟ್ ಟೂ ಇಯರ್ಸ್’ ತಪ್ಪು. ಎರಡು ವರ್ಷ ಅನ್ನುವುದು ಅವಧಿ ಅಲ್ವಾ? ಹಾಗಾಗಿ ‘ಫಾರ್ ದ ಲಾಸ್ಟ್ ಟೂ ಇಯರ್ಸ್’. ಆಫೀಸಿನ ಇಮೇಲ್‌ಗಳಲ್ಲಿ ಈ ತಪ್ಪೇ ಜಾಸ್ತಿ ಕಾಣುತ್ತದೆ.

ಮುಂದೆ ಆಗುವುದರ ಮಾತು ಬಂದರೆ ಸಿನ್ಸ್ ಬೇಡವೇ ಬೇಡ. ‘ಬರುವ ಸೋಮವಾರದಿಂದ ಬರುತ್ತೇನೆ’ ಅನ್ನುವಲ್ಲಿ ‘ಫ್ರಮ್ ಮಂಡೇ’ ಸಾಕು.

ಇನ್ನು ಅಭ್ಯಾಸದ ವಿಷಯ. ಬಿಟ್ಟ ಸ್ಥಳ ತುಂಬುವಾಗ ಉಳಿದ ವಾಕ್ಯವೆಲ್ಲ ಸಿದ್ಧವಾಗಿರುತ್ತದೆ, ಕ್ರಿಯಾಪದ ಕೂಡ. ಮಾತಾಡುವಾಗ ಎಲ್ಲವನ್ನೂ ನಾವೇ ಜೋಡಿಸಬೇಕು. ಅದಕ್ಕೇ ಅಲ್ಲಿ ತಪ್ಪುವುದು. ನಿಮ್ಮದೇ ಒಂದು ಸಂಗತಿ ತಗೊಳ್ಳಿ. ಈ ಮನೆಯಲ್ಲಿ ಎಷ್ಟು ದಿನದಿಂದ ಇದ್ದೀರಿ, ಕನ್ನಡಕ ಯಾವಾಗಿನಿಂದ ಹಾಕುತ್ತೀರಿ, ಹೀಗೆ ಏನಾದರೂ. ಅದನ್ನು ಎರಡು ರೀತಿಯಲ್ಲಿ ಜೋರಾಗಿ ಹೇಳಿ: ಒಮ್ಮೆ ಇಸವಿ ಹೇಳಿ ಸಿನ್ಸ್ ಜೊತೆ, ಒಮ್ಮೆ ವರ್ಷ ಎಣಿಸಿ ಫಾರ್ ಜೊತೆ. ಸುಮ್ನೆ ಮನಸ್ಸಲ್ಲಿ ಅಂದುಕೊಂಡರೆ ಪ್ರಯೋಜನ ಕಮ್ಮಿ, ನಾಲಿಗೆ ಪಳಗಬೇಕು. ಇದು ಸಲೀಸಾದ ಮೇಲೆ ಸಿನ್ಸ್ ಮುಂದೆ ಇಸವಿಯ ಬದಲು ಒಂದು ಘಟನೆ ಇಟ್ಟು ನೋಡಿ: ‘ಐ ಹ್ಯಾವ್ ಲಿವ್ಡ್ ಹಿಯರ್ ಸಿನ್ಸ್ ಐ ಗಾಟ್ ಮ್ಯಾರೀಡ್’. ಇಲ್ಲಿ ಘಟನೆ ಮುಗಿದು ಹೋದದ್ದು, ಆದ್ದರಿಂದ ಅದು ಭೂತಕಾಲದಲ್ಲಿದೆ. ‘ಹ್ಯಾವ್’ ಬರುವುದು ಮೊದಲ ಭಾಗದಲ್ಲಿ ಮಾತ್ರ.