ಹೆಲಿಕಾಪ್ಟರ್ ಕೊಟ್ಟ ಮೇಲೆ ಶುರುವಾಗುವ ಲೆಕ್ಕ

ಅಗ್ನಿವೀರ್ ಪರೀಕ್ಷೆಗೆ ಓದುವ ಹುಡುಗರಿಗೆ ದಾವಣಗೆರೆಯಲ್ಲಿ ಪಾಠ ಹೇಳುತ್ತೇನೆ. ಅದಕ್ಕೂ ಮೊದಲು ನೌಕಾಪಡೆಯಲ್ಲಿ ಹೆಲಿಕಾಪ್ಟರ್ ರಿಪೇರಿ ನನ್ನ ಕೆಲಸವಾಗಿತ್ತು. ಮಾಲ್ಡೀವ್ಸ್ ಸುದ್ದಿ ಬಂದಾಗಲೆಲ್ಲ ಹುಡುಗರಿಗೆ ಸಿಟ್ಟು ಬರುತ್ತದೆ. ‘ನಮ್ಮ ಸೈನಿಕರನ್ನೇ ಹೊರಗೆ ಕಳಿಸಿದವರಿಗೆ 4,850 ಕೋಟಿ ಯಾಕೆ ಸರ್? ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಬಜೆಟ್‌ನಲ್ಲಿ ಹೇಳಿದ್ದು 5,300 ಕೋಟಿ. ಜಗಳೂರಿನವರು, ಚಿತ್ರದುರ್ಗದವರು ಅದಕ್ಕೆ ಕಾಯ್ತಾನೇ ಇದ್ದಾರಲ್ಲ?’

ಎರಡೂ ಮೊತ್ತ ಹತ್ತಿರ ಹತ್ತಿರ ಇರುವುದರಿಂದ ಈ ಪ್ರಶ್ನೆ ಚುಚ್ಚುತ್ತದೆ. ಆದರೆ ಎರಡೂ ಒಂದೇ ಬಗೆಯ ದುಡ್ಡಲ್ಲ. 2025ರ ಜುಲೈನಲ್ಲಿ ಪ್ರಧಾನಿ ಮಾಲ್ಡೀವ್ಸ್ ರಾಜಧಾನಿ ಮಾಲೆಗೆ ಹೋದಾಗ ಘೋಷಿಸಿದ್ದು ಸಾಲ. ವಾಪಸ್ ಬರಬೇಕಾದ್ದು. ಇಂಥ ಸಾಲ ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಎಕ್ಸಿಮ್ ಬ್ಯಾಂಕ್ ಮೂಲಕ ಹೋಗುತ್ತದೆ. ಆ ದುಡ್ಡಲ್ಲಿ ಕೊಳ್ಳುವ ಸಾಮಾನು, ಸೇವೆಯಲ್ಲಿ ಮುಕ್ಕಾಲು ಪಾಲು ಭಾರತದ್ದೇ ಆಗಿರಬೇಕು ಅನ್ನುವುದು ಮಾಮೂಲಿ ಷರತ್ತು. ಹೋಲಿಸಿ ನೋಡಿ: ಅಮೆರಿಕ ಇಸ್ರೇಲ್‌ಗೆ ಕೊಡುವುದು ಸಾಲವಲ್ಲ, ನೇರ ನೆರವು. 2016ರ ಒಪ್ಪಂದದಂತೆ 10 ವರ್ಷಕ್ಕೆ 3,800 ಕೋಟಿ ಡಾಲರ್. ಅದರಲ್ಲೂ ಬಹುಪಾಲು ಅಮೆರಿಕದ ಕಾರ್ಖಾನೆಗಳಿಗೇ ತಿರುಗಿ ಬರುತ್ತದೆ. ಹಾಗಾಗಿ ‘ಸುಮ್ನೆ ಕೊಟ್ಟುಬಿಟ್ಟರು’ ಅನ್ನುವ ಮಾತು ಅರ್ಧ ಸತ್ಯ.

ಉಚಿತವಾಗಿ ಕೊಟ್ಟದ್ದೂ ಇದೆ ಅನ್ನಿ. ಅದೇ ಭೇಟಿಯಲ್ಲಿ ಮಾಲ್ಡೀವ್ಸ್ ಸೇನೆಗೆ 72 ವಾಹನ ಹೋದವು. ಅದಕ್ಕೂ ಮೊದಲು ಎರಡು ಧ್ರುವ್ ಹೆಲಿಕಾಪ್ಟರ್, 2020ರಲ್ಲಿ ಒಂದು ಡಾರ್ನಿಯರ್ ವಿಮಾನ. ಜಗಳ ಹುಟ್ಟಿದ್ದು ಹಾರುವ ಈ ಮೂರು ಯಂತ್ರಗಳಿಂದ. ಯಂತ್ರ ಅವರದಾಯಿತು, ಹಾರಿಸುವವರು ಮತ್ತು ನೋಡಿಕೊಳ್ಳುವವರು ನಮ್ಮವರು. ‘ಇಂಡಿಯಾ ಔಟ್’ ಎಂದು ಕೂಗಿದವರ ಕಣ್ಣಿಗೆ ಬಿದ್ದದ್ದು ಆ ಎಂಬತ್ತರ ಆಸುಪಾಸಿನ ಸಮವಸ್ತ್ರದವರು. 2023ರ ಅಧ್ಯಕ್ಷ ಚುನಾವಣೆಯಲ್ಲಿ ಅದೇ ಕೂಗಿನ ಜೊತೆ ಮುಯಿಝು ಗೆದ್ದರು. 2024ರ ಮೇ 10ರೊಳಗೆ ನಮ್ಮ ಸೈನಿಕರು ಹೊರಟುಬಂದರು. ಅವರ ಜಾಗಕ್ಕೆ ಹೋದವರು ಯಾರು? ಎಚ್‌ಎಎಲ್‌ನ ಸಿವಿಲಿಯನ್ ತಂತ್ರಜ್ಞರು. ಕೆಲವೇ ದಿನಗಳಲ್ಲಿ ಅಲ್ಲಿನ ರಕ್ಷಣಾ ಸಚಿವರೇ ಹೇಳಿದರು: ಆ ವಿಮಾನಗಳನ್ನು ಹಾರಿಸಬಲ್ಲವರು ಮಾಲ್ಡೀವ್ಸ್ ಸೇನೆಯಲ್ಲಿ ಇನ್ನೂ ಇಲ್ಲ, ತರಬೇತಿ ಶುರುವಾಗಿತ್ತು, ಮುಗಿದಿಲ್ಲ ಅಂತ. ಬಟ್ಟೆ ಬದಲಾಯಿತು, ಕೆಲಸ ಅದೇ ಉಳಿಯಿತು.

ನಮ್ಮ ಕಡೆ ಬೋರ್‌ವೆಲ್ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೋಟರ್ ಯಾರು ಕೊಡಿಸಿದರು ಅನ್ನುವುದಕ್ಕಿಂತ ಅದು ಸುಟ್ಟಾಗ ರಿವೈಂಡಿಂಗ್ ಮಾಡುವವನು ಫೋನ್ ಎತ್ತುತ್ತಾನಾ ಅನ್ನುವುದೇ ಮುಖ್ಯ.

ಫೋನ್ ಎತ್ತದಿದ್ದರೆ ಏನಾಗುತ್ತದೆ ಎಂದು ನಮ್ಮ ನೌಕಾಪಡೆ ಕಂಡಿದೆ. 1998ರ ಮೇನಲ್ಲಿ ಪೋಖ್ರಾನ್ ಪರೀಕ್ಷೆ ಆಯಿತು, ಅಮೆರಿಕ ನಿರ್ಬಂಧ ಹಾಕಿತು. ನಮ್ಮ ಸೀ ಕಿಂಗ್ ಹೆಲಿಕಾಪ್ಟರ್‌ಗಳನ್ನು ಕಟ್ಟಿದ್ದು ಬ್ರಿಟನ್ನಿನಲ್ಲಿ, ವಿನ್ಯಾಸದ ಮೂಲ ಅಮೆರಿಕದ್ದು. ಬಿಡಿಭಾಗ ಬರುವುದು ನಿಂತಿತು. ಹಾರಬೇಕಾದವು ಹ್ಯಾಂಗರ್‌ನಲ್ಲಿ ಕೂತವು. ಇಂಥ ಹೊತ್ತಲ್ಲಿ ನಮ್ಮಂಥವರು ಮಾಡುವುದು ಒಂದೇ. ಒಂದರ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕುವುದು. ಎರಡನ್ನು ಹಾರಿಸಲು ಮೂರನೆಯದನ್ನು ಅಸ್ಥಿಪಂಜರ ಮಾಡುವುದು. ಆಗ ತೇಜಸ್ ಯುದ್ಧವಿಮಾನದ ಕೆಲಸಕ್ಕೆ ಅಮೆರಿಕಕ್ಕೆ ಹೋಗಿದ್ದ ನಮ್ಮ ಎಂಜಿನಿಯರುಗಳನ್ನೂ ವಾಪಸ್ ಕಳಿಸಿದರು. ಚಳ್ಳಕೆರೆ ಹತ್ತಿರ ಕಾವಲು ಭೂಮಿಯಲ್ಲಿ ಡಿಆರ್‌ಡಿಒ ಇವತ್ತು ಸ್ವಂತ ಡ್ರೋನ್ ಹಾರಿಸಿ ನೋಡುತ್ತಿರುವುದರ ಹಿಂದೆ ಇಂಥ ಅನುಭವವೂ ಇದೆ. (ಆದರೂ ತೇಜಸ್ ಎಂಜಿನ್ ಮಾತ್ರ ಇನ್ನೂ ಅಮೆರಿಕದ್ದೇ!)

ನಾವು ಕೊಡುವ ಕಡೆ ಇದ್ದಾಗ ಮಾತ್ರ ಇದೆಲ್ಲ ಮರೆತುಹೋಗುತ್ತದೆ. ಈಕ್ವೆಡಾರ್ ನಮ್ಮಿಂದ ಏಳು ಧ್ರುವ್ ಕೊಂಡಿತ್ತು. ನಾಲ್ಕು ಬಿದ್ದವು. ಪೈಲಟ್ ತಪ್ಪು ಎಷ್ಟು, ಯಂತ್ರದ ತಪ್ಪು ಎಷ್ಟು ಎಂಬ ವಾದ ಬೇರೆ. ಆದರೆ 2015ರಲ್ಲಿ ಒಪ್ಪಂದ ಮುರಿದಾಗ ಅವರ ದೂರಿನಲ್ಲಿ ಬಿಡಿಭಾಗದ ವಿಷಯವೂ ಇತ್ತು. ಮಾರಾಟಕ್ಕೆ ಹೋಗುವಾಗ ಇದ್ದ ಉತ್ಸಾಹ ಸರ್ವೀಸ್‌ಗೆ ಇರಲಿಲ್ಲ ಅಂತಲೇ ನನ್ನ ಅನಿಸಿಕೆ.

ಮಾಲ್ಡೀವ್ಸ್‌ಗೆ ಕೊಡುವುದು ತಪ್ಪಲ್ಲ. 1988ರ ನವೆಂಬರ್‌ನಲ್ಲಿ ಬಾಡಿಗೆ ಬಂಟರು ಮಾಲೆಗೆ ನುಗ್ಗಿದಾಗ ಅಧ್ಯಕ್ಷ ಗಯೂಮ್ ಸಹಾಯ ಕೇಳಿದರು. ನಮ್ಮ ಪ್ಯಾರಾ ಪಡೆ ಆ ರಾತ್ರಿಯೇ ಇಳಿಯಿತು. ನಾವು ಹೋಗದಿದ್ದರೆ ಬೇರೆಯವರು ಹೋಗುತ್ತಿದ್ದರು. ಇವತ್ತೂ ಅಷ್ಟೇ, ನಾವು ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ. ಆದರೆ ಯಂತ್ರದ ಜೊತೆಗೆ ಅವರದೇ ಹುಡುಗರ ತರಬೇತಿ ಯಾವ ವರ್ಷಕ್ಕೆ ಮುಗಿಯಬೇಕು ಎಂಬ ಗಡುವೂ ಹೋಗಬೇಕು. ನಮ್ಮ ಮೇಲೆ ಅವಲಂಬನೆ ಇದ್ದಷ್ಟೂ ಹಿಡಿತ ಜಾಸ್ತಿ ಎಂದು ದಿಲ್ಲಿಯಲ್ಲಿ ಕೆಲವರು ಲೆಕ್ಕ ಹಾಕಬಹುದು. ಅಂಥ ಹಿಡಿತ ಒಂದು ಚುನಾವಣೆಗೆ ಸಡಿಲವಾಗಿದ್ದನ್ನು ನೋಡಿದ್ದೇವಲ್ಲ.

ಯಾರಿಗೆ ಕೊಡುತ್ತೇವೆ ಅನ್ನುವುದು ಇದಕ್ಕಿಂತ ದೊಡ್ಡ ತಲೆನೋವು. 2020ರಲ್ಲಿ ನಮ್ಮ ಸಿಂಧುವೀರ್ ಜಲಾಂತರ್ಗಾಮಿಯನ್ನು ಮ್ಯಾನ್ಮಾರ್‌ಗೆ ಕೊಟ್ಟೆವು. 2021ರ ಫೆಬ್ರುವರಿಯಲ್ಲಿ ಅಲ್ಲಿ ಸೇನೆಯೇ ಸರ್ಕಾರ ಕಿತ್ತುಕೊಂಡಿತು. ಅಮೆರಿಕದಲ್ಲಿ ದೊಡ್ಡ ಶಸ್ತ್ರ ವ್ಯವಹಾರವನ್ನು ಸರ್ಕಾರ ಮೊದಲೇ ಸಂಸತ್ತಿಗೆ ತಿಳಿಸಬೇಕು. ಘೋರ ಮಾನವ ಹಕ್ಕು ಉಲ್ಲಂಘನೆ ಮಾಡಿದ ಸೇನಾ ತುಕಡಿಗೆ ನೆರವು ಕೊಡಬಾರದೆಂಬ ಕಾನೂನೂ ಇದೆ. ಅದನ್ನು ಇಸ್ರೇಲ್ ವಿಷಯದಲ್ಲಿ ಎಷ್ಟು ಪಾಲಿಸುತ್ತಾರೆ ಎಂದು ಅಲ್ಲೇ ಜಗಳ ನಡೆಯುತ್ತದೆ. ಜಗಳ ಆಡಲಿಕ್ಕೆ ಒಂದು ಕಾನೂನಾದರೂ ಇದೆ. ನಮ್ಮಲ್ಲೂ ಇಂಥ ಒಪ್ಪಂದ ಸಹಿ ಆಗುವ ಮೊದಲು ಸಂಸದೀಯ ಸಮಿತಿ ಮುಂದೆ ಬರಲಿ. ಬಾಗಿಲು ಮುಚ್ಚಿಕೊಂಡೇ ಚರ್ಚಿಸಲಿ, ಪರವಾಗಿಲ್ಲ.