ನಾನು ಕೇಳಿದ್ದು ನಿಮ್ಮ ಮಗನನ್ನು

"ಎಲ್ಲಿ ನೋಯ್ತದೆ?" ಅಂತ ಹುಡುಗನನ್ನು ಕೇಳುತ್ತೇನೆ. "ಅಂಥದ್ದೇನಿಲ್ಲ ಮೇಡಂ, ಸೊಂಟ ಸ್ವಲ್ಪ ಹಿಡ್ಕೊಂಡಿದೆ" ಅಂತ ಅಪ್ಪ ಹೇಳುತ್ತಾರೆ. "ಯಾವಾಗಿಂದ?" ಅಂದರೆ "ಮೊನ್ನೆ ಮ್ಯಾಚ್ ಆದ್ಮೇಲೆ" ಅನ್ನುವವರೂ ಅವರೇ. "ಓಡುವಾಗ ಹೆಚ್ಚಾಗುತ್ತಾ, ಬಗ್ಗಿದಾಗಲಾ?" ಹುಡುಗ ಬಾಯಿ ತೆರೆಯುವಷ್ಟರಲ್ಲಿ, "ಓಡೋದಕ್ಕೇನೂ ತೊಂದ್ರೆ ಇಲ್ಲ, ಬರೋ ತಿಂಗಳು ಟ್ರಯಲ್ಸ್ ಇದೆ, ಅಷ್ಟರಲ್ಲಿ ಸರಿ ಮಾಡ್ಕೊಡಿ."

ಕೊಡಗಿನಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುವ ನನಗೆ ಈ ಸಂಭಾಷಣೆ ಬಾಯಿಪಾಠವಾಗಿದೆ. ನವೆಂಬರ್ ಬಂತೆಂದರೆ ಹನ್ನೆರಡು, ಹದಿಮೂರು, ಹದಿನಾಲ್ಕು ವಯಸ್ಸಿನ ಹಾಕಿ ಮಕ್ಕಳು ಸ್ಟಿಕ್ ಬ್ಯಾಗ್ ಹೆಗಲಿಗೇರಿಸಿಕೊಂಡು ಬರುತ್ತಾರೆ, ಹಿಂದೆಯೇ ಅಪ್ಪ, ಕೆಲವೊಮ್ಮೆ ಅಮ್ಮ. ಕ್ರೀಡಾ ಹಾಸ್ಟೆಲ್ ಆಯ್ಕೆಯ ಚಿಂತೆ ಮನೆಮಂದಿಗೆಲ್ಲ. ಬೇಸರದಿಂದಲೇ ಬರೆಯುತ್ತಿದ್ದೇನೆ, ಆದರೆ ಈ ಅಪ್ಪಂದಿರ ಮೇಲೆ ನನಗೆ ದ್ವೇಷವಿಲ್ಲ. ಮುಂಗಾರಿನ ಮಳೆಯಲ್ಲಿ ಬೆಳಗಿನ ಐದು ಗಂಟೆಗೆ ಎಸ್ಟೇಟಿನಿಂದ ಟರ್ಫಿಗೆ ಜೀಪಿನಲ್ಲಿ ಮಗನನ್ನು ಬಿಡುವವರು ಅವರು. ಕರಿಮೆಣಸು ಮಾರಿ ಬಂದ ದುಡ್ಡಿನಲ್ಲಿ ಮೊದಲು ಕಾಂಪೋಸಿಟ್ ಸ್ಟಿಕ್ ಕೊಡಿಸಿ, ಮನೆ ಸೋರುವುದನ್ನು ಮುಂದಿನ ವರ್ಷಕ್ಕೆ ಹಾಕಿದವರೊಬ್ಬರನ್ನು ನಾನು ಬಲ್ಲೆ. ಮಾಸ್ಕೋ ಒಲಿಂಪಿಕ್ಸ್‌ನಲ್ಲಿ 1980ರಲ್ಲಿ ಚಿನ್ನ ಗೆದ್ದ ಭಾರತ ಹಾಕಿ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ, ಆಮೇಲಿನ ಅರ್ಜುನ್ ಹಾಲಪ್ಪ, ರಘುನಾಥ್, ಸುನಿಲ್ ಇವರ ಹೆಸರು ಕೇಳುತ್ತಲೇ ಬೆಳೆಯುವ ಊರು ಇದು. ಇಲ್ಲಿ ಮಗನ ಕೈಯಲ್ಲಿ ಸ್ಟಿಕ್ ಕಂಡ ಅಪ್ಪನಿಗೆ ಆಸೆ ಹುಟ್ಟದಿದ್ದರೇ ಆಶ್ಚರ್ಯ.

ಮೈದಾನದ ಗೆರೆಯಾಚೆ ನಿಂತು "ಪಾಸ್ ಕೊಡೋ, ಪಾಸ್!" ಎಂದು ಕೂಗುವುದು, ವಾಪಸು ಬರುವಾಗ ಜೀಪಿನಲ್ಲಿ ಪ್ರತಿ ತಪ್ಪಿಗೂ ಲೆಕ್ಕ ಕೇಳುವುದು, ಇವೆಲ್ಲ ತಪ್ಪೆಂದು ನಿಮಗೂ ಗೊತ್ತು, ಕೋಚ್‌ಗಳೂ ಹೇಳಿ ಸೋತಿದ್ದಾರೆ. ನನ್ನ ತಕರಾರು ಬೇರೆ. ನೋವಿನ ಬಗ್ಗೆ ಮಗು ಆಡಬೇಕಾದ ಮಾತನ್ನು ನೀವು ಆಡಬೇಡಿ. ಇದು ಮರ್ಯಾದೆಯ ವಿಷಯವಲ್ಲ, ವೈದ್ಯಕೀಯದ ವಿಷಯ. ಇದನ್ನೇ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೆನ್ನೆಲುಬಿನ ಪ್ರತಿ ಮಣಿಯ ಹಿಂಬದಿಯಲ್ಲಿ ಸಣ್ಣ ಸೇತುವೆಯಂಥ ಒಂದು ತೆಳುವಾದ ಭಾಗವಿದೆ. ನಮ್ಮ ವೈದ್ಯಕೀಯ ಭಾಷೆಯಲ್ಲಿ ಪಾರ್ಸ್. ಬೆಳೆಯುವ ವಯಸ್ಸಿನಲ್ಲಿ ಅದು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತಾ ಹೋದರೆ ಒಂದು ದಿನ ಲಟಕ್ಕೆಂದು ತುಂಡಾಗುತ್ತದಲ್ಲ, ಬೆನ್ನನ್ನು ಬಗ್ಗಿಸಿ, ತಿರುಚಿ, ಹಿಂದಕ್ಕೆ ಬಾಗಿಸಿ ಮತ್ತೆ ಮತ್ತೆ ದುಡಿಸಿದಾಗ ಅಲ್ಲೂ ಹಾಗೆಯೇ ಸಣ್ಣ ಬಿರುಕು ಮೂಡಬಹುದು. ಸಾಮಾನ್ಯವಾಗಿ ಸೊಂಟದ ಕೊನೆಯ ಮಣಿಯಲ್ಲಿ. ಹಾಕಿ ಸ್ಟಿಕ್ಕಿಗೆ ಚಪ್ಪಟೆ ಮುಖ ಎಡಬದಿಗೆ ಮಾತ್ರ. ಎಡಗೈಯವರಿಗೆಂದು ಬೇರೆ ಸ್ಟಿಕ್ ಈ ಆಟದಲ್ಲಿಲ್ಲ. ಹಾಗಾಗಿ ಎಲ್ಲ ಮಕ್ಕಳ ಬೆನ್ನೂ ಒಂದೇ ಕಡೆಗೆ ತಿರುಗುತ್ತದೆ. ಅದರಲ್ಲೂ ಡ್ರ್ಯಾಗ್ ಫ್ಲಿಕ್: ಎಡಗಾಲನ್ನು ಉದ್ದಕ್ಕೆ ಹಾಕಿ, ನೆಲ ಮುಟ್ಟುವಷ್ಟು ಬಾಗಿ, ಮೈಯನ್ನೆಲ್ಲ ತಿರುಚಿ ಚೆಂಡನ್ನು ಎಳೆದು ಎಸೆಯಬೇಕು. ಎದುರಾಳಿಯ ತಪ್ಪಿಗೆ ಗೋಲಿನ ಹತ್ತಿರ ಸಿಗುವ ಪೆನಾಲ್ಟಿ ಕಾರ್ನರನ್ನು ಹೀಗೆ ಹೊಡೆಯುವವನಿಗೆ ತಂಡದಲ್ಲಿ ಜಾಗ ಗ್ಯಾರಂಟಿ ಎಂದು ಹನ್ನೆರಡರ ಹುಡುಗರ ಕೈಲಿ ದಿನಕ್ಕೆ ನೂರು ಫ್ಲಿಕ್ ಮಾಡಿಸುತ್ತಾರೆ.

ಈಗ ಮುಖ್ಯವಾದ ಮಾತು. ಈ ಬಿರುಕು ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಅನೇಕ ಸಲ ಕಾಣುವುದೇ ಇಲ್ಲ. ಎಂಆರ್‌ಐಯಲ್ಲಿ ಬೇಗ ಕಾಣುತ್ತದೆ, ಆದರೆ ಬೆನ್ನು ನೋವೆಂದ ಮಕ್ಕಳಿಗೆಲ್ಲ ಎಂಆರ್‌ಐ ಮಾಡಿಸಿ ಎಂದು ಯಾರೂ ಹೇಳುವುದಿಲ್ಲ, ಹೇಳಲೂಬಾರದು. ಯಾರಿಗೆ ಬೇಕು ಎಂದು ತೀರ್ಮಾನಿಸುವುದು ಮಗುವಿನ ಬಾಯಿಂದ ಬರುವ ಮಾತಿನ ಮೇಲೆ, ನಾವು ಮಾಡುವ ಒಂದೆರಡು ಪರೀಕ್ಷೆಯ ಮೇಲೆ. ಒಂಟಿ ಕಾಲಲ್ಲಿ ನಿಲ್ಲಿಸಿ ಹಿಂದಕ್ಕೆ ಬಾಗು ಅನ್ನುತ್ತೇವೆ. ನೋವಾಯಿತಾ, ಯಾವ ಕಡೆ, ಎಷ್ಟು ಎಂದು ಮಗುವಿಗೆ ಮಾತ್ರ ಗೊತ್ತು. ಅಪ್ಪನ ಮುಖ ನೋಡಿ ಅದು "ಇಲ್ಲ" ಎಂದರೆ ನನ್ನ ಪರೀಕ್ಷೆ ಸುಳ್ಳಾಯಿತು. ಆಮೇಲೆ "ಎಕ್ಸ್‌ರೇ ನಾರ್ಮಲ್ ಬಂದಿದೆ, ಇವನು ನಾಟಕ ಆಡ್ತಿದ್ದಾನೆ" ಎಂದು ಅದೇ ಫಿಲ್ಮನ್ನು ಮಗನೆದುರು ಹಿಡಿದ ತಂದೆಯನ್ನೂ ಕಂಡಿದ್ದೇನೆ. ಎಕ್ಸ್‌ರೇ ನಾರ್ಮಲ್ ಎಂದರೆ ನೋವು ಸುಳ್ಳು ಎಂದಲ್ಲ. ಬೇಗ ಗೊತ್ತಾಗಿ, ಆಟ ನಿಲ್ಲಿಸಿ ಬೆನ್ನಿಗೆ ವಿಶ್ರಾಂತಿ ಸಿಕ್ಕರೆ ಮೂಳೆ ಕೂಡಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ತಡವಾದಷ್ಟೂ ಕಡಿಮೆ. ಕೂಡದಿದ್ದರೂ ನೋವಿಲ್ಲದೆ ಆಡುವವರಿದ್ದಾರೆ. ಒಬ್ಬರ ಹಾಗೆ ಇನ್ನೊಬ್ಬರಿರುವುದಿಲ್ಲ, ನಿಮ್ಮ ಮಗುವಿನ ವಿಷಯ ಅದನ್ನು ನೋಡಿದ ಮೂಳೆ ವೈದ್ಯರೇ ಹೇಳಬೇಕು. ಆಡುವ ಮಗುವಿಗೆ ಬೆನ್ನು ನೋವು ಎರಡು ಮೂರು ವಾರ ದಾಟಿದರೆ ತೋರಿಸಿ ಅನ್ನುವುದಷ್ಟೇ ನಾನು ಇಲ್ಲಿ ಖಚಿತವಾಗಿ ಹೇಳಬಲ್ಲದ್ದು.

ಟ್ರಯಲ್ಸ್ ದಿನ ನೋವಿನ ಮಾತ್ರೆ ನುಂಗಿಸಿ, ಸ್ಪ್ರೇ ಹೊಡೆದು ಇಳಿಸುವುದೂ ಮಗುವಿನ ಬಾಯಿ ಕಟ್ಟಿದ ಹಾಗೆಯೇ. ದಯವಿಟ್ಟು ಮಾಡಬೇಡಿ.

ಎರಡು ವರ್ಷದ ಹಿಂದೆ ಬಂದ ಹದಿಮೂರರ ಹುಡುಗನೊಬ್ಬನ ನೆನಪು ಇದನ್ನು ಬರೆಸುತ್ತಿದೆ. ಬೆಂಚಿನ ತುದಿಯಲ್ಲಿ ಕೂತು ಸ್ಟಿಕ್ಕಿನ ಗ್ರಿಪ್ ಉಗುರಿಂದ ಕೆರೆಯುತ್ತಿದ್ದ. ನನ್ನ ಪ್ರಶ್ನೆಗೆಲ್ಲ ಅಪ್ಪನದೇ ಉತ್ತರ. ಕೊನೆಗೆ ಅವರನ್ನು ಹೊರಗೆ ಕೂರಿಸಿದೆ. ಬಾಗಿಲು ತೆರೆದೇ ಇತ್ತು, ಸಹಾಯಕಿ ಒಳಗಿದ್ದಳು. ಮಕ್ಕಳನ್ನು ಒಂಟಿಯಾಗಿ ಕೂರಿಸಿ ಮಾತಾಡಿಸುವುದು ನಮ್ಮಲ್ಲಿಲ್ಲ. "ಎಷ್ಟು ನೋವು?" ಎಂದು ಕೇಳಲಿಲ್ಲ, ಅದಕ್ಕೆ ಮಕ್ಕಳಲ್ಲಿ ಉತ್ತರವಿರುವುದಿಲ್ಲ. "ಬೆಳಗ್ಗೆ ಸಾಕ್ಸ್ ಹೇಗೆ ಹಾಕ್ಕೊಳ್ತೀಯ?" ಎಂದೆ. ಬಹಳ ಹೊತ್ತು ಸುಮ್ಮನಿದ್ದ.

"ಮಲಗ್ಕೊಂಡು ಹಾಕ್ಕೊಳ್ತೀನಿ ಮೇಡಂ."

"ಎಷ್ಟನೇ ಫ್ಲಿಕ್ಕಿಗೆ ನೋವು ಶುರು?"

"ಮೊದ್ಲು ಅರವತ್ತಕ್ಕೆ ಬರ್ತಿತ್ತು. ಈಗ ಹತ್ತಕ್ಕೆ." ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಪಪ್ಪಂಗೆ ಹೇಳ್ಬೇಡಿ. ಜೀಪ್ ಡೀಸೆಲ್ಲಿಗೇ ಎಷ್ಟಾಗ್ತದೆ ಗೊತ್ತಾ ನಿಂಗೆ ಅಂತಾರೆ."

ಹೇಳದೆ ಇರಲಾಗುವುದಿಲ್ಲ, ಆದರೆ ಹೇಗೆ ಹೇಳಬೇಕೋ ಹಾಗೆ ನಾನು ಹೇಳ್ತೀನಿ ಎಂದೆ. ಒಳಗೆ ಕರೆದು ತಂದೆಯ ಜೊತೆ ಲೆಕ್ಕ ಹಾಕಿದೆ. ಬೆಳಗ್ಗೆ ಒಂದೂವರೆ ಗಂಟೆ, ಸಂಜೆ ಎರಡು, ಆರು ದಿನ: 21 ಗಂಟೆ. ಭಾನುವಾರ ಮನೆಯಂಗಳದಲ್ಲಿ ಫ್ಲಿಕ್ ಬೇರೆ. ವಾರದ ತರಬೇತಿಯ ಗಂಟೆ ಮಗುವಿನ ವಯಸ್ಸನ್ನು ಮೀರದಿರಲಿ, ವಾರಕ್ಕೊಂದೆರಡು ದಿನ ಪೂರ್ತಿ ಬಿಡುವಿರಲಿ ಎನ್ನುವುದು ಕ್ರೀಡಾ ವೈದ್ಯರು ಸಾಮಾನ್ಯವಾಗಿ ಹೇಳುವ ಅಂದಾಜು. ಆ ಹುಡುಗನಿಗೆ 13. ತಂದೆ ಬಹಳ ಹೊತ್ತು ಮಾತಾಡಲಿಲ್ಲ. "ನನ್ನ ಕಾಲದಲ್ಲಿ ಹಾಸ್ಟೆಲ್ ಸೆಲೆಕ್ಷನ್ನಿಗೆ ಕರ್ಕೊಂಡು ಹೋಗೋರೇ ಇರ್ಲಿಲ್ಲ ಮೇಡಂ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇವತ್ತಿಗೂ ಇಲ್ಲ.

ಎಂಆರ್‌ಐಯಲ್ಲಿ ಬಿರುಕು ಕಂಡಿತು. ಮೂರು ತಿಂಗಳು ಸ್ಟಿಕ್ ಮುಟ್ಟುವ ಹಾಗಿಲ್ಲ, ಆಮೇಲೂ ನೋಡಿಕೊಂಡು ಎಂದು ಮೂಳೆ ವೈದ್ಯರು ಹೇಳಿದಾಗ ತಂದೆಗೆ ಎಲ್ಲ ಮುಗಿದೇ ಹೋಯಿತೆನಿಸಿತ್ತು. ಸೋಮವಾರಪೇಟೆಯ ಎಸ್.ವಿ. ಸುನಿಲ್ 2018ರ ವಿಶ್ವಕಪ್ಪನ್ನು ಮೊಣಕಾಲಿನ ಗಾಯದಿಂದಾಗಿ ಕಳೆದುಕೊಂಡು, ಮೂವತ್ತರ ಹೊಸ್ತಿಲಲ್ಲಿ ಮರುವರ್ಷ ಭಾರತ ತಂಡಕ್ಕೆ ಮರಳಿದ್ದನ್ನು ನೆನಪಿಸಿದೆ. ಹದಿಮೂರರವನಿಗೆ ಒಂದು ಟ್ರಯಲ್ಸ್ ಹೋದರೆ ಇನ್ನೊಂದು ಬರುತ್ತದೆ.

ಆ ವರ್ಷ ಆಯ್ಕೆ ತಪ್ಪಿತು. ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಬಂತು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರು ಮಾಡಿದ್ದು, 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಮುಟ್ಟಿತ್ತು. ಅಜ್ಜಂದಿರು, ಸೊಸೆಯಂದಿರು, ಮೊಮ್ಮಕ್ಕಳು ಒಂದೇ ಜೆರ್ಸಿಯಲ್ಲಿ ಆಡುವ ಮೈದಾನ ಅದು. ಅಪ್ಪ ಮಗನಿಗೆ ಪಾಸ್ ಕೊಟ್ಟು ತಾನೂ ಎಡವುವ ಜಾಗ. ಹುಡುಗ ಆ ಸಲ ಗೆರೆಯಾಚೆ ಕೂತು, ಆಡುತ್ತಿದ್ದ ಅಪ್ಪನಿಗೆ ನೀರಿನ ಬಾಟಲಿ ಹಿಡಿದಿದ್ದನಂತೆ.

ಕೊನೆಯ ಭೇಟಿಗೆ ಇಬ್ಬರೂ ಬಂದರು. "ಈಗ ಹೇಗಿದೆ?" ಎಂದು ಹುಡುಗನನ್ನು ಕೇಳಿದೆ. ತಂದೆ ಬಾಯಿ ತೆರೆದವರು ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದರು. ಹುಡುಗ ಎದ್ದು ನಿಂತ, ಬಲಗಾಲಲ್ಲಿ ನಿಂತು ಹಿಂದಕ್ಕೆ ಬಾಗಿದ, ಎಡಗಾಲಲ್ಲಿ ನಿಂತು ಬಾಗಿದ, ಒಂದು ಕ್ಷಣ ಯೋಚಿಸಿದ.

"ಬಲಗಡೆ ಏನಿಲ್ಲ. ಎಡಗಡೆ ತುಂಬಾ ಬಾಗಿದ್ರೆ ಸ್ವಲ್ಪ ಎಳೀತದೆ."

ಬರೆದುಕೊಂಡೆ.