ಎಕ್ಸ್‌ಟ್ರಾ ಬಿಲ್ ಮತ್ತು ಸಿಡ್ನಿಯ ದೀಪಸ್ತಂಭ

ಕಟ್ಟಡದ ಕೆಲಸದಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಎಕ್ಸ್‌ಟ್ರಾ ಐಟಂ ಹತ್ತಿರ, ಅಂದರೆ ಮೊದಲ ಒಪ್ಪಂದದಲ್ಲಿ ಇಲ್ಲದ ಹೆಚ್ಚುವರಿ ಕೆಲಸದ ಹತ್ತಿರ. "ನೀವೇ ಹೇಳಿದ್ರಲ್ಲ ಸಾರ್" ಅನ್ನುತ್ತಾರೆ ಕಂಟ್ರಾಕ್ಟರ್. "ನಾನೆಲ್ಲಿ ಹೇಳಿದೆ?" ಅನ್ನುತ್ತಾರೆ ಮನೆ ಮಾಲೀಕರು. ನಡುವೆ ಸಿಕ್ಕಿಬೀಳುವವನು ಆರ್ಕಿಟೆಕ್ಟ್. ಅದಕ್ಕೇ ನನ್ನ ಆಫೀಸಿಗೆ ಹೊಸದಾಗಿ ಬರುವ ಹುಡುಗರಿಗೆ ಫ್ರಾನ್ಸಿಸ್ ಗ್ರೀನ್‌ವೇ ಕಥೆ ಹೇಳುತ್ತೇನೆ.

ಇವನು ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯವನು, ಕಲ್ಲುಕೆಲಸದ ಮನೆತನ. 1809ರಲ್ಲಿ ದಿವಾಳಿಯಾದ. ಆಮೇಲೆ ಒಂದು ಮನೆ ಕೆಲಸದಲ್ಲಿ, ಜಾಸ್ತಿ ಹಣ ಕೊಡಲು ಮಾಲೀಕರು ಒಪ್ಪಿದ್ದಾರೆ ಅಂತ ಸುಳ್ಳು ಬರಹ ಸೃಷ್ಟಿಸಿದ ಕೇಸು ಮೈಮೇಲೆ ಬಂತು. 1812ರಲ್ಲಿ ತಪ್ಪೊಪ್ಪಿಕೊಂಡ. ಆ ಕಾಲದಲ್ಲಿ ಫೋರ್ಜರಿಗೆ ಗಲ್ಲು. ಅದನ್ನು 14 ವರ್ಷಗಳ ಗಡಿಪಾರಿಗೆ ಇಳಿಸಿದರು. 1814ರಲ್ಲಿ ಕೈದಿಗಳ ಹಡಗು ಅವನನ್ನು ಸಿಡ್ನಿಯಲ್ಲಿ ಇಳಿಸಿತು.

ಅಲ್ಲಿನ ಗವರ್ನರ್ ಮ್ಯಾಕ್ವಾರಿಗೆ ಊರು ಕಟ್ಟುವ ಹುಚ್ಚು, ಆದರೆ ಕೈಯಲ್ಲಿ ಒಳ್ಳೆಯ ಆರ್ಕಿಟೆಕ್ಟ್ ಇಲ್ಲ. ಪುಸ್ತಕದಲ್ಲಿದ್ದ ಒಂದು ಕಟ್ಟಡದ ನಕ್ಷೆ ನಕಲು ಮಾಡಿಕೊಡು ಎಂದರು. ಗ್ರೀನ್‌ವೇಗೆ ಅವಮಾನವಾಯಿತು. ನಕಲು ಮಾಡೋದು ನನ್ನ ಕೆಲಸವೇ ಅನ್ನುವ ಧಾಟಿಯಲ್ಲಿ ಕಾಗದ ಬರೆದ. ಬಂದು ಇಳಿದ ಕೈದಿ, ಗವರ್ನರಿಗೆ! ಆದರೂ 1816ರಲ್ಲಿ ಸರ್ಕಾರಿ ಆರ್ಕಿಟೆಕ್ಟ್ ಹುದ್ದೆ ಸಿಕ್ಕಿತು. ದಿನಕ್ಕೆ 3 ಶಿಲ್ಲಿಂಗ್ ಸಂಬಳ.

ನನಗೆ ತುಂಬಾ ಇಷ್ಟವಾಗುವ ಭಾಗ ಇಲ್ಲಿದೆ. ಸಿಡ್ನಿಯಲ್ಲಿ ಆಗಷ್ಟೇ ದೊಡ್ಡ ಆಸ್ಪತ್ರೆಯೊಂದು ಎದ್ದಿತ್ತು. ಕಟ್ಟಿದವರಿಗೆ ಸರ್ಕಾರ ದುಡ್ಡಿನ ಬದಲು 45,000 ಗ್ಯಾಲನ್ ರಮ್ ಆಮದು ಮಾಡುವ ಹಕ್ಕು ಕೊಟ್ಟಿತ್ತು. ಜನ ಅದನ್ನು ರಮ್ ಆಸ್ಪತ್ರೆ ಅಂತಲೇ ಕರೆದರು. ಅದರ ಗುಣಮಟ್ಟ ನೋಡಲು ಗ್ರೀನ್‌ವೇಯನ್ನು ಕಳಿಸಿದರು. ತೊಲೆಗಳ ಜೋಡಣೆ ಸಡಿಲ, ಪಾಯ ದುರ್ಬಲ, ಕಲ್ಲುಕೆಲಸ ಕಳಪೆ ಅಂತ ವರದಿ ಬರೆದ. ಸುಳ್ಳು ಎಕ್ಸ್‌ಟ್ರಾ ಬಿಲ್ಲಿಗೆ ಶಿಕ್ಷೆಯಾದವನಿಂದಲೇ ಬೇರೆಯವರ ಕೆಲಸದ ತಪಾಸಣೆ! ಸರಿಪಡಿಸಿ ಎಂದು ಗವರ್ನರ್ ಆ ಕಂಟ್ರಾಕ್ಟರುಗಳಿಗೆ ಆಜ್ಞೆ ಮಾಡಿದರು. ಅವರು ತೇಪೆ ಹಚ್ಚಿದರು. ಮುಚ್ಚಿಟ್ಟ ಕೆಲವು ದೋಷಗಳು 1980ರ ದಶಕದ ದುರಸ್ತಿಯಲ್ಲಿ ಗೋಡೆ ಬಿಚ್ಚಿದಾಗಲೇ ಕಂಡವು. ಪ್ಲಾಸ್ಟರ್ ಒಳಗೆ ಏನಿದೆ ಅಂತ ತಟ್ಟಿ ನೋಡಿ ಎಂದು ನಾನು ಹುಡುಗರಿಗೆ ಸುಮ್ನೆ ಹೇಳಲ್ಲ.

ಅವನದೇ ಕೆಲಸಕ್ಕೆ ಬಂದರೆ, ಬಂದರಿನ ಬಾಯಿಯಲ್ಲಿ ಮ್ಯಾಕ್ವಾರಿ ದೀಪಸ್ತಂಭ. ಅಲ್ಲಿ ಸಿಕ್ಕಿದ ಮರಳುಕಲ್ಲು ಮೆತ್ತಗಿತ್ತು, ಇದು ಬಾಳಿಕೆ ಬರಲ್ಲ ಎಂದು ಮೊದಲೇ ಹೇಳಿದ್ದ. ಗವರ್ನರಿಗೆ ಕಾಯುವ ತಾಳ್ಮೆ ಇರಲಿಲ್ಲ. 1817ರ ಡಿಸೆಂಬರಿನಲ್ಲಿ ಆ ಸ್ತಂಭದ ಹತ್ತಿರವೇ ಅವನ ಕೈಗೆ ಷರತ್ತಿನ ಬಿಡುಗಡೆ ಪತ್ರ ಕೊಟ್ಟರು. ಕೆಲವೇ ವರ್ಷದಲ್ಲಿ ಕಲ್ಲು ಉದುರತೊಡಗಿ, ಕಬ್ಬಿಣದ ಪಟ್ಟಿ ಬಿಗಿದರು. 1883ರಲ್ಲಿ ಪಕ್ಕದಲ್ಲೇ ಹೊಸ ಸ್ತಂಭ ಬಂತು, ಆಕಾರ ಹೆಚ್ಚುಕಡಿಮೆ ಗ್ರೀನ್‌ವೇಯದೇ. ಅವನ ಹೈಡ್ ಪಾರ್ಕ್ ಬ್ಯಾರಕ್ಸ್ ಮಾತ್ರ ಗಟ್ಟಿಯಾಗಿ ನಿಂತಿದೆ, ಇಟ್ಟಿಗೆ ಕಟ್ಟಡ, ಯುನೆಸ್ಕೊ ಪಟ್ಟಿಯಲ್ಲೂ ಇದೆ. ಗಂಡು ಕೈದಿಗಳ ವಸತಿಗೆಂದು ಕಟ್ಟಿದ್ದು. ಅದು ಮುಗಿದಾಗ, 1819ರಲ್ಲಿ, ಅವನಿಗೆ ಪೂರ್ತಿ ಕ್ಷಮಾದಾನ.

ಆದರೆ ಆಸಾಮಿ ಜಗಳಗಂಟ. ಅತ್ತ ಲಂಡನ್ನಿನಿಂದ ತನಿಖೆಗೆ ಬಂದ ಕಮಿಷನರ್, ಬಿಗ್ ಎಂಬಾತ, ಕಟ್ಟಡಗಳಿಗೆ ಖರ್ಚು ಜಾಸ್ತಿ ಎಂದು ತಕರಾರು ತೆಗೆದ. ಕೋರ್ಟಿಗೆಂದು ಶುರುವಾದ ಸೇಂಟ್ ಜೇಮ್ಸ್ ಕಟ್ಟಡ ಮಧ್ಯದಲ್ಲೇ ಚರ್ಚ್ ಆಯಿತು! ನಮ್ಮ ಕ್ಲೈಂಟುಗಳೇ ವಾಸಿ, ಅಲ್ವಾ? 1822ರಲ್ಲಿ ಕೆಲಸ ಹೋಯಿತು. 1837ರಲ್ಲಿ ಬಡತನದಲ್ಲಿ ತೀರಿಕೊಂಡ.

1966ರಲ್ಲಿ ಬಂದ ಆಸ್ಟ್ರೇಲಿಯಾದ 10 ಡಾಲರ್ ನೋಟಿನ ಮೇಲೆ ಅವನ ಮುಖ ಅಚ್ಚಾಯಿತು. ಬದುಕಿದ್ದಾಗ ಸರ್ಕಾರದಿಂದ ತನಗೆ ಬರಬೇಕೆಂದು ಅವನು ಲೆಕ್ಕ ಹಾಕಿದ್ದ ಶುಲ್ಕ ಸುಮಾರು 11,000 ಪೌಂಡ್. ದಿನದ ಸಂಬಳದ ಮೇಲೆ ಎಕ್ಸ್‌ಟ್ರಾ. ಸರ್ಕಾರ ಒಪ್ಪಲಿಲ್ಲ.